ಮೂರನೇ ಮೈಕ್

ಟೀಚರಮ್ಮ ತೀರಿಕೊಂಡ ನಾಲ್ಕನೇ ದಿನ ಅವರ ಮಗಳು ಫೋನ್ ಮಾಡಿದಳು. "ಅಣ್ಣಾ, ಅಮ್ಮ ಹಾಡಿರೋದು ಏನಾದ್ರೂ ನಿಮ್ಮ ಹತ್ರ ಇದ್ಯಾ? ಜ್ಞಾಪಕಾರ್ಥ ಕೂಟದಲ್ಲಿ ಒಂದೆರಡು ನಿಮಿಷ ಕೇಳಿಸೋಣ ಅಂತ. ನಮ್ಮ ಮೊಬೈಲ್ ತುಂಬ ಬರೀ ಫೋಟೋಗಳೇ ಇವೆ, ದನಿ ಒಂದೂ ಇಲ್ಲ." ನಾನು ಯೋಚನೆಯನ್ನೇ ಮಾಡದೆ "ಅದಕ್ಕೇನಮ್ಮ, ಬೇಕಾದಷ್ಟಿದೆ" ಅಂದುಬಿಟ್ಟೆ. ಸುಳ್ಳು ಹೇಳಿದ್ದಲ್ಲ. 2020ರ ಲಾಕ್‌ಡೌನ್‌ನಲ್ಲಿ ಶುರು ಮಾಡಿದ ಯೂಟ್ಯೂಬ್ ನೇರಪ್ರಸಾರವನ್ನು ನಮ್ಮ ಸಭೆ ಆಮೇಲೂ ನಿಲ್ಲಿಸಲಿಲ್ಲ. ವಾರ ವಾರದ ಆರಾಧನೆ ಹಾರ್ಡ್‌ಡಿಸ್ಕ್‌ನಲ್ಲಿ ಕೂತಿದೆ. ಟೀಚರಮ್ಮ ಕ್ವಾಯರ್‌ನಲ್ಲಿ ನಿಲ್ಲದ ಭಾನುವಾರ ನನ್ನ ನೆನಪಿನಲ್ಲಿ ಇಲ್ಲ. ಎಲ್ಲೋ ಒಂದು ಕಡೆ ಸಿಕ್ಕೇ ಸಿಗುತ್ತದೆ ಎಂದುಕೊಂಡೆ.

ಅವತ್ತು ರಾತ್ರಿ ಊಟ ಮುಗಿಸಿ ಹೆಡ್‌ಫೋನ್ ಹಾಕಿಕೊಂಡು ಕೂತೆ. ಹಿಂದಿನ ಕ್ರಿಸ್‌ಮಸ್ ತೆಗೆದೆ. ಕೀಬೋರ್ಡ್ ಇದೆ. ಮೇಲಿನ ಸ್ವರದಲ್ಲಿ ಹಾಡುವ ಸೊಪ್ರಾನೊ ಹುಡುಗಿಯರು ಇದ್ದಾರೆ. ಗಂಡಸರ ಸಾಲು ದಪ್ಪಗೆ ಕೇಳಿಸುತ್ತಿದೆ. ಟೀಚರಮ್ಮ ಕಾಣಿಸುತ್ತಾರೆ, ಕೇಳಿಸುವುದಿಲ್ಲ. ವಿಡಿಯೋದಲ್ಲಿ ಅವರ ಬಾಯಿ ಎಲ್ಲರಿಗಿಂತ ದೊಡ್ಡದಾಗಿ ತೆರೆದಿದೆ, ಕುತ್ತಿಗೆಯ ನರ ಉಬ್ಬಿದೆ, ಪುಸ್ತಕ ಹಿಡಿದ ಕೈ ತಾಳಕ್ಕೆ ಸಣ್ಣಗೆ ಮೇಲೆ ಕೆಳಗೆ ಆಡುತ್ತಿದೆ. ದನಿ ಮಾತ್ರ ಇಲ್ಲ. ಇನ್ನೊಂದು ವಾರ ತೆಗೆದೆ, ಮತ್ತೊಂದು ತೆಗೆದೆ. ಸುಗ್ಗಿ ಹಬ್ಬ, ಗರಿಗಳ ಭಾನುವಾರ, ಈಸ್ಟರ್. ತುಂಬ ಗಮನವಿಟ್ಟು ಕೇಳಿದರೆ ಪಕ್ಕದ ಮೈಕಿಗೆ ಸೋರಿಕೊಂಡು ಬಂದ ಒಂದು ಎಳೆ, ಬಾವಿಯೊಳಗಿಂದ ಯಾರೋ ಕರೆದ ಹಾಗೆ. ಅಷ್ಟೇ. ರಾತ್ರಿ ಒಂದು ಗಂಟೆಯ ಹೊತ್ತಿಗೆ ಹುಡುಕುವುದನ್ನು ನಿಲ್ಲಿಸಿದೆ. ಯಾಕೆ ಸಿಗುತ್ತಿಲ್ಲ ಎಂದು ನನಗೆ ಮೊದಲ ವಿಡಿಯೋದಲ್ಲೇ ಗೊತ್ತಾಗಿತ್ತು. ಸುಮ್ನೆ ಒಪ್ಪಿಕೊಳ್ಳಲು ಮನಸ್ಸಿರಲಿಲ್ಲ.

ಎರಡು ವರ್ಷಗಳಿಂದ ಆ ದನಿಯನ್ನು ತೆಗೆಯುತ್ತಿದ್ದವನು ನಾನೇ.

ಮಿಕ್ಸಿಯಿಂದ ಮಿಕ್ಸರ್‌ಗೆ

ನನ್ನದು ಎಲೆಕ್ಟ್ರಿಕಲ್ ಅಂಗಡಿ. ಹಳೇ ಮೈಸೂರು ಕಡೆಯ ಊರು, ವೆಸ್ಲಿಯನ್ ಮಿಷನ್‌ನವರು ಕಟ್ಟಿದ ಕಲ್ಲಿನ ದೇವಾಲಯ. 1947ರಲ್ಲಿ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಆಗಿ ಇಷ್ಟು ವರ್ಷವಾದರೂ ನಮ್ಮ ಕೆಲವು ಹಿರಿಯರ ಬಾಯಲ್ಲಿ ಅದು ಇನ್ನೂ ವೆಸ್ಲಿಯನ್ ಚರ್ಚೇ. ಎತ್ತರದ ಚಾವಣಿ, ಸುಣ್ಣ ಬಳಿದ ಗೋಡೆ, ಕೆಳಗೆ ಕಡಪ ಕಲ್ಲು. ನೋಡಲು ಚೆಂದ, ಮಾತಾಡಲು ಕಷ್ಟ. ನಾನು ಹುಡುಗನಾಗಿದ್ದಾಗ ಅಲ್ಲಿದ್ದದ್ದು ಒಂದು ಅಹುಜಾ ಆಂಪ್ಲಿಫಯರ್, ಗೋಡೆಗೆ ಎರಡು ಉದ್ದನೆಯ ಸ್ಪೀಕರ್, ಪ್ರಸಂಗಪೀಠದಲ್ಲಿ ಒಂದು ಮೈಕ್. 1940ರಿಂದ ನಡೆದು ಬಂದಿರುವ ಕಂಪನಿ ಅದು, ಈ ದೇಶದಲ್ಲಿ ಅದರ ಮೈಕಿನ ಮುಂದೆ ಮಾತಾಡದ ಶಾಲೆ, ಗುಡಿ, ಮಸೀದಿ, ಪಕ್ಷ ಇರಲಿಕ್ಕಿಲ್ಲ. ಚರ್ಚಿನ ಕೆಲಸದವರು ಬೆಳಿಗ್ಗೆ ಗಂಟೆ ಹೊಡೆದು, ದೀಪ ಹಾಕಿ, ಅದರ ಗುಂಡಿ ತಿರುಗಿಸಿ ಹೋಗುತ್ತಿದ್ದರು. ಸೌಂಡ್ ಟೀಮ್ ಅಂದರೆ ಅವರ ಹೆಬ್ಬೆರಳು ಮತ್ತು ತೋರುಬೆರಳು.

ಆಮೇಲೆ ಕೀಬೋರ್ಡ್ ಬಂತು, ಗಿಟಾರ್ ಬಂತು, ಕಾರ್ಡ್‌ಲೆಸ್ ಮೈಕ್ ಬಂತು, ಲಾಕ್‌ಡೌನ್‌ನಲ್ಲಿ ಯೂಟ್ಯೂಬ್ ಬಂತು. ಕಮಿಟಿಯವರು ಎಲ್ಲ ಮೈಕು, ವಾದ್ಯಗಳ ದನಿಯನ್ನು ಸೇರಿಸಿ ಹದ ಮಾಡುವ 16 ಚಾನೆಲ್‌ನ ಮಿಕ್ಸರ್ ತಂದರು. ಅದರ ಮುಂದೆ ಕೂರಲು ಜನ ಬೇಕಾಯಿತು. "ನೀನು ಮಿಕ್ಸಿ ರಿಪೇರಿ ಮಾಡ್ತೀಯಲ್ಲಪ್ಪ, ಮಿಕ್ಸರ್ ನೋಡ್ಕೋ" ಎಂದು ಖಜಾಂಚಿ ಹೇಳಿದ್ದು ತಮಾಷೆಗಲ್ಲ, ನಿಜವಾಗಿ. ಕಲಿಸುವವರು ಯಾರೂ ಇರಲಿಲ್ಲ. ಡೀಲರ್ ಕಡೆಯ ಹುಡುಗ ಅರ್ಧ ದಿನ ಇದ್ದು ವಯರು ಸಿಕ್ಕಿಸಿ, ಒಂದಷ್ಟು ಗುಂಡಿ ಒತ್ತಿ, ಟೀ ಕುಡಿದು ಹೋದ. ಆ ಒಂದಷ್ಟು ಗುಂಡಿಯ ಕಥೆ ಆಮೇಲೆ ಬರುತ್ತದೆ.

ತಪ್ಪು ಮಾಡಿ ಮಾಡಿ ಕಲಿತೆ. ಹಚ್ಚುವಾಗ ಆಂಪ್ಲಿಫಯರ್ ಕೊನೆಗೆ, ಆರಿಸುವಾಗ ಮೊದಲಿಗೆ. ಇಲ್ಲದಿದ್ದರೆ ಸ್ಪೀಕರ್ ಗುಂಡು ಹೊಡೆದ ಹಾಗೆ ಸದ್ದು ಮಾಡುತ್ತದೆ, ಮುಂದಿನ ಬೆಂಚಿನ ಮಗು ಅಳುತ್ತದೆ. ವಯರನ್ನು ಮೊಣಕೈಗೆ ಹಗ್ಗದ ಹಾಗೆ ಸುತ್ತಬಾರದು, ಒಳಗಿನ ತಂತಿ ತಿರುಚಿಕೊಂಡು ಆರು ತಿಂಗಳಲ್ಲಿ ಸಾಯುತ್ತದೆ. ಬಾಯಿಂದ ಮೈಕಿನ ದೂರ ಎರಡರಷ್ಟಾದರೆ ಸುಮಾರು 6 ಡೆಸಿಬೆಲ್ (ಸದ್ದಿನ ಜೋರನ್ನು ಅಳೆಯುವ ಲೆಕ್ಕ) ಕಳೆದುಹೋಗುತ್ತದೆ, ಅಂದರೆ ಮೈಕನ್ನು ಹೊಟ್ಟೆಯ ಹತ್ತಿರ ಹಿಡಿದು ಸಾಕ್ಷಿ ಹೇಳುವ ಅಣ್ಣನಿಗೆ ನಾನು ಇಲ್ಲಿಂದ ಮಾಡಬಹುದಾದದ್ದು ತುಂಬ ಕಮ್ಮಿ. ಎದ್ದು ಹೋಗಿ ಕೈ ಮೇಲೆತ್ತಿಸುವುದೇ ದಾರಿ. ಇನ್ನೊಂದು ಲೆಕ್ಕ ಇದೆ. ತೆರೆದಿಟ್ಟ ಮೈಕುಗಳ ಸಂಖ್ಯೆ ಎರಡರಷ್ಟಾದಾಗಲೆಲ್ಲ ಕೂಗು (ಸ್ಪೀಕರಿನ ಸದ್ದು ಮೈಕಿಗೇ ಮರಳಿ ಬಂದು ಕಿರುಚುವುದು) ಬರುವ ಮುಂಚೆ ದನಿ ಏರಿಸಲು ಸಿಗುವ ಜಾಗದಲ್ಲಿ 3 ಡೆಸಿಬೆಲ್ ಹೋಗುತ್ತದೆ. ಒಂದು ಮೈಕಿದ್ದಾಗ ಆರಾಮಾಗಿದ್ದ ವ್ಯವಸ್ಥೆ ಎಂಟು ಮೈಕಾದಾಗ 9 ಡೆಸಿಬೆಲ್ ಬಡವಾಗಿರುತ್ತದೆ. ಅದಕ್ಕೇ ಬೇಡದ ಮೈಕು ಮುಚ್ಚುವುದು ಒಳ್ಳೆಯ ಅಭ್ಯಾಸ. ಈ ಲೆಕ್ಕ ಸರಿಯಾಗಿಯೇ ಇದೆ. ನಾನು ಅದನ್ನು ಬಳಸಿಕೊಂಡದ್ದು ಮಾತ್ರ ಬೇರೆ ಕೆಲಸಕ್ಕೆ.

ಕೈ ಹೇಗೆ ಇಳಿಯಿತು

ಕ್ವಾಯರ್‌ನಲ್ಲಿ ಹನ್ನೆರಡು ಜನ, ನಾಲ್ಕು ಮೈಕು. ಮೂರನೇ ಮೈಕಿನ ಮುಂದೆ ಆಲ್ಟೊ, ಅಂದರೆ ಹೆಂಗಸರ ಕೆಳಗಿನ ಸ್ವರ, ಹಾಡುವ ಮೂವರು. ಟೀಚರಮ್ಮ, ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ ಅಕ್ಕ, ಬಿಕಾಂ ಓದುವ ಒಬ್ಬ ಹುಡುಗಿ. ಟೀಚರಮ್ಮ ನನಗೆ ಮೂರನೇ ಕ್ಲಾಸಿನಲ್ಲಿ ಕನ್ನಡ ಕಲಿಸಿದವರು. ಪಾಠ ಗಟ್ಟಿಯಾಗಿ ಓದಿಸುತ್ತಿದ್ದರು. "ಕೊನೇ ಬೆಂಚಿಗೆ ಕೇಳಿಸ್ಬೇಕು ಕಣೋ" ಅನ್ನುತ್ತಿದ್ದರು. ಹೊಸ ಮಿಕ್ಸರ್ ಬಂದ ಮೇಲೆ, ಎಪ್ಪತ್ತು ದಾಟಿದ ಅವರ ದನಿ ಮೇಲಿನ ಸ್ವರಗಳಲ್ಲಿ ಜಾರತೊಡಗಿತು. ಅರ್ಧ ಸ್ವರ ಕೆಳಗೆ, ಕೆಲವೊಮ್ಮೆ ಮೇಲೆ. ದನಿ ಜೋರು ಬೇರೆ. ಒಂದು ಶನಿವಾರ ಅಭ್ಯಾಸ ಮುಗಿದ ಮೇಲೆ ಕ್ವಾಯರ್ ಮಾಸ್ಟರ್ ನನ್ನ ಹತ್ತಿರ ಬಂದು, ಯಾರಿಗೂ ಕೇಳಿಸದ ಹಾಗೆ, "ಮೂರನೇದು ಸ್ವಲ್ಪ ನೋಡ್ಕೊಳ್ಳಿ" ಅಂದರು. ಅಷ್ಟೇ ಅಂದದ್ದು. ನಾನು ತಲೆಯಾಡಿಸಿದೆ. ಇಬ್ಬರೂ ಏನೋ ದೊಡ್ಡ ನಾಜೂಕಿನ ಕೆಲಸ ಮುಗಿಸಿದವರ ಹಾಗೆ ಮನೆಗೆ ಹೋದೆವು.

ಮೊದಲ ವಾರ ಒಂದಿಷ್ಟು ಇಳಿಸಿದೆ. ಹಾಡು ಚೆನ್ನಾಗಿ ಬಂತು. ಮರುವಾರ ಇನ್ನೊಂದಿಷ್ಟು. ಆದರೆ ವಿಚಿತ್ರ, ನಾನು ಇಳಿಸಿದಷ್ಟೂ ಅವರು ಜೋರಾಗುತ್ತಿದ್ದರು, ಸ್ವರ ಇನ್ನಷ್ಟು ಜಾರುತ್ತಿತ್ತು. ವಯಸ್ಸು ಅಂದುಕೊಂಡೆ. ಕೊನೆ ಕೊನೆಗೆ ಮೂರನೇ ಫೇಡರ್, ಅಂದರೆ ಆ ಮೈಕಿನ ದನಿ ಏರಿಸಿ ಇಳಿಸುವ ಜಾರುಗುಂಡಿ, ಎಲ್ಲಿರಬೇಕು ಎಂದು ನಾನು ಯೋಚಿಸುತ್ತಲೇ ಇರಲಿಲ್ಲ. ಬೆಳಿಗ್ಗೆ ಬಂದು ಎಲ್ಲವನ್ನೂ ಅವುಗಳ ಜಾಗಕ್ಕೆ ತರುವಾಗ ಅದನ್ನು ತಳದಿಂದ ಎರಡು ಬೆರಳು ಮೇಲೆ ಬಿಡುತ್ತಿದ್ದೆ, ಮನೆ ಬೀಗ ಹಾಕುವಷ್ಟೇ ಅಭ್ಯಾಸದಿಂದ. ಆ ಮೈಕಿನ ಮುಂದೆ ಇನ್ನೂ ಇಬ್ಬರಿದ್ದಾರೆ, ಅವರ ದನಿಯೂ ಮುಳುಗುತ್ತಿದೆ ಎನ್ನುವುದು ಹೊಳೆದಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೊಳೆದಿತ್ತು. ಸಾಮೂಹಿಕ ಹಾಡು ಅಲ್ವಾ, ಇಬ್ಬರು ಕಮ್ಮಿಯಾದರೆ ಏನಾಯಿತು ಎಂದುಕೊಂಡಿದ್ದೆ.

ಯಾರೂ ಒಂದು ಮಾತು ಕೇಳಲಿಲ್ಲ. ಯಾಕೆ ಕೇಳಲಿಲ್ಲ ಎಂದು ಈಗ ತುಂಬ ಯೋಚಿಸುತ್ತೇನೆ. ನಾವು ಚರ್ಚಿನಲ್ಲಿ ಎಲ್ಲದಕ್ಕೂ ಸೇವೆ ಅನ್ನುತ್ತೇವೆ. ಬೆಂಚು ಒರೆಸುವುದು ಸೇವೆ, ಕಾಣಿಕೆ ತಟ್ಟೆ ಹಿಡಿಯುವುದು ಸೇವೆ, ಮಿಕ್ಸರ್ ಮುಂದೆ ಕೂರುವುದೂ ಸೇವೆ. ದುಡ್ಡು ತೆಗೆದುಕೊಳ್ಳುವವನನ್ನು ಬಯ್ಯಬಹುದು. ಮದುವೆಗೆ ಬಾಡಿಗೆ ಸೌಂಡಿನವನು ಬಂದಾಗ ನಮ್ಮ ಹಿರಿಯರು ಅವನ ತಲೆ ಮೇಲೆ ನಿಂತು ಹೇಗೆ ಕೆಲಸ ತೆಗೆಯುತ್ತಾರೆ ನೋಡಬೇಕು. ಭಾನುವಾರ ಬೆಳಿಗ್ಗೆ ಏಳಕ್ಕೆ ತಿಂಡಿ ತಿನ್ನದೆ ಬಂದು, ಎಲ್ಲರೂ ಹೋದ ಮೇಲೆ ವಯರು ಸುತ್ತಿ, ಕರ್ತನ ಭೋಜನಕ್ಕೂ ಸಾಲಿನ ಕೊನೆಯವನಾಗಿ ಓಡಿ ಹೋಗಿ ಬರುವವನಿಗೆ ಏನು ಹೇಳುತ್ತೀರಿ? ಅವನು ಬೇಜಾರು ಮಾಡಿಕೊಂಡು ಬಿಟ್ಟರೆ ಯಾರು ಕೂರುತ್ತಾರೆ? ಹಾಗಾಗಿ ಬಿಟ್ಟಿ ಕೆಲಸಕ್ಕೆ ಒಂದು ಬಗೆಯ ಅಧಿಕಾರ ಬಂದುಬಿಡುತ್ತದೆ. ಯಾರೂ ಕೊಡದ, ಯಾರೂ ಪ್ರಶ್ನೆ ಮಾಡದ ಅಧಿಕಾರ. ಇನ್ನೂರು ಜನರಲ್ಲಿ ಯಾರ ದನಿ ಕೇಳಬೇಕು, ಯಾರದು ಬೇಡ ಎಂದು ಗ್ಯಾಲರಿಯ ಕೆಳಗೆ ಕತ್ತಲಲ್ಲಿ ಕೂತು ನಾನೊಬ್ಬನೇ ತೀರ್ಮಾನ ಮಾಡುತ್ತಿದ್ದೆ. ಸಭೆಯ ಪಾದ್ರಿ ಅಯ್ಯನವರಿಗೂ ಅಷ್ಟು ಅಧಿಕಾರ ಇಲ್ಲ. ಅವರ ಮೈಕೂ ನನ್ನ ಕೈಯಲ್ಲೇ ಇತ್ತಲ್ಲ!

(ಅವರ ಕಾಲರ್ ಮೈಕಿನ ವಿಷಯಕ್ಕೆ ಬಂದರೆ, ಆರಾಧನೆಗೆ ಮುಂಚೆ ಪಕ್ಕದ ಕೋಣೆಯಲ್ಲಿ ಅವರು ಬೀಗದ ಕೈ ಯಾರು ತೆಗೆದುಕೊಂಡು ಹೋದರು ಎಂದು ಬಯ್ದದ್ದು ಒಮ್ಮೆ ಇಡೀ ಸಭೆಗೆ ಕೇಳಿಸಿತ್ತು. ಅವತ್ತಿನಿಂದ ಕಾಲರ್ ಮೈಕಿನ ಗುಂಡಿಗೆ ಕೆಂಪು ಟೇಪು ಅಂಟಿಸಿದ್ದೇನೆ.)

ಐದನೇ ಮಾತು

ನನ್ನ ಪರವಾಗಿಯೂ ಒಂದು ಹೇಳಿಕೊಳ್ಳಬೇಕು. ಇದೇ ಕೈ ಬೇರೆ ಕೆಲಸವನ್ನೂ ಮಾಡಿದೆ.

ಶುಭ ಶುಕ್ರವಾರ ನಮ್ಮಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಆರಾಧನೆ. ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಮೇಲೆ ಏಳು ಜನ ಮಾತಾಡುತ್ತಾರೆ. ಸೌಂಡ್ ಮಾಡುವವನಿಗೆ ವರ್ಷದ ಅತಿ ಕಷ್ಟದ ಮೂರು ಗಂಟೆ ಅದು. ಏಪ್ರಿಲ್ ಬಿಸಿಲು, ಎಲ್ಲ ಫ್ಯಾನ್ ಫುಲ್ ಸ್ಪೀಡಿನಲ್ಲಿ, ಕರೆಂಟ್ ಹೋದರೆ ಜನರೇಟರ್, ಜನರೇಟರ್ ಬಂದರೆ ಸ್ಪೀಕರ್‌ನಲ್ಲಿ ಗುಂಯ್ ಅನ್ನುವ ಸದ್ದು. ಏಳು ಜನ ಏಳು ರೀತಿ. ಒಬ್ಬರು ಮೈಕನ್ನು ನುಂಗುವ ಹಾಗೆ ಹಿಡಿದು ಗುಡುಗುತ್ತಾರೆ. ಇನ್ನೊಬ್ಬರು ಬಂದ ಕೂಡಲೇ ಮೈಕಿನ ತಲೆಗೆ ಮೂರು ಸಲ ಟಪ ಟಪ ಬಡಿಯುತ್ತಾರೆ. ಮತ್ತೊಬ್ಬರು "ನನಗೆ ಮೈಕ್ ಬೇಕಿಲ್ಲ" ಎಂದು ಸ್ಟ್ಯಾಂಡನ್ನು ಪಕ್ಕಕ್ಕೆ ಸರಿಸಿ, ಮೊದಲ ನಾಲ್ಕು ಬೆಂಚಿಗೆ ಮಾತ್ರ ಪ್ರಸಂಗ ಮಾಡಿ ಹೋಗುತ್ತಾರೆ.

ಒಂದು ವರ್ಷ ಐದನೇ ಮಾತಿಗೆ, ಬಾಯಾರಿಕೆಯ ಮಾತಿಗೆ, ನಮ್ಮ ಸಭೆಯ ತುಂಬ ವಯಸ್ಸಾದ ಹಿರಿಯರೊಬ್ಬರನ್ನು ಕರೆದಿದ್ದರು. ಗಂಟಲಿನ ಆಪರೇಷನ್ ಆಗಿತ್ತು. ದನಿ ಅನ್ನುವುದಕ್ಕಿಂತ ಉಸಿರು ಅನ್ನಬಹುದು. ನಾನು ಆರಾಧನೆಗೆ ಮುಂಚೆಯೇ ಅವರ ಹತ್ತಿರ ಹೋಗಿ ಕೂತು, ಅವರ ಗಲ್ಲಕ್ಕೆ ಮೈಕ್ ಮುಟ್ಟಿಸುವಷ್ಟು ಹತ್ತಿರ ಹೊಂದಿಸಿ, "ಇಲ್ಲಿಂದ ಅಲ್ಲಾಡ್ಬೇಡಿ ತಾತ" ಎಂದು ಹೇಳಿ ಬಂದಿದ್ದೆ. ಅವರ ಸರದಿ ಬಂದಾಗ ಬೇರೆ ಎಲ್ಲ ಮೈಕನ್ನೂ ಮುಚ್ಚಿದೆ. ಕೆಳಗಿನ ಗುಡುಗುಡು ಸದ್ದನ್ನು ಕತ್ತರಿಸಿದೆ. ಅಕ್ಷರಗಳ ಅಂಚು ಇರುವ ಭಾಗವನ್ನು, ಅಂದರೆ 2000ದಿಂದ 4000 ಹರ್ಟ್ಸ್ ನಡುವಿನದನ್ನು, ಒಂದಿಷ್ಟು ಎತ್ತಿದೆ. ಪಕ್ಕದಲ್ಲಿದ್ದವರಿಗೆ ಹೇಳಿ ಮಧ್ಯದ ಫ್ಯಾನ್ ಆರಿಸಿದೆ. ಆಮೇಲೆ ಕೂಗು ಬರುವ ಗೆರೆಯ ಒಂದು ಕೂದಲು ಕೆಳಗೆ ಫೇಡರ್ ಹಿಡಿದು ಹನ್ನೆರಡು ನಿಮಿಷ ಕೂತಿದ್ದೆ, ಅವರು ಉಸಿರು ಎಳೆದಾಗ ಇಳಿಸುತ್ತ, ಮಾತು ಬಂದಾಗ ಏರಿಸುತ್ತ. ಕೊನೆಯ ಬೆಂಚಿನಲ್ಲಿ ಕೂತಿದ್ದ ಅವರ ಹೆಂಡತಿ ಕಣ್ಣು ಒರೆಸಿಕೊಂಡದ್ದು ನೋಡಿದೆ. ನನ್ನ ಬೆನ್ನು ನಾನೇ ತಟ್ಟಿಕೊಂಡೆ, ಅದರಲ್ಲೇನು ಮುಚ್ಚುಮರೆ.

ಮರುದಿನದ ಮರುದಿನ ಈಸ್ಟರ್. ಅವತ್ತೂ ಮೂರನೇ ಫೇಡರ್ ತಳದಿಂದ ಎರಡು ಬೆರಳು ಮೇಲಿತ್ತು.

ಖಾಲಿ ದೇವಾಲಯ ಸುಳ್ಳು ಹೇಳುತ್ತದೆ

ಒಂದು ಕಥೆ ಇಲ್ಲಿ ಹೇಳಬೇಕು, ನನಗೆ ತುಂಬ ಇಷ್ಟವಾದದ್ದು. 1895ರಲ್ಲಿ ಅಮೆರಿಕದ ಹಾರ್ವರ್ಡ್‌ನಲ್ಲಿ ಹೊಸದಾಗಿ ಕಟ್ಟಿದ ಒಂದು ಉಪನ್ಯಾಸದ ಕೋಣೆಯಲ್ಲಿ ಮಾತು ಅರ್ಥವೇ ಆಗುತ್ತಿರಲಿಲ್ಲ. ಅದನ್ನು ಸರಿಪಡಿಸಲು ವ್ಯಾಲೆಸ್ ಸಬೈನ್ ಎಂಬ ಎಳೆಯ ಭೌತಶಾಸ್ತ್ರದ ಮೇಷ್ಟ್ರಿಗೆ ಹೇಳಿದರು. ಖಾಲಿ ಕೋಣೆಯಲ್ಲಿ ಒಂದು ಸದ್ದು ಸಾಯಲು ಸುಮಾರು 5.5 ಸೆಕೆಂಡ್ ಹಿಡಿಯುತ್ತಿತ್ತು. ಅಷ್ಟರಲ್ಲಿ ಮಾತಾಡುವವನು ಹತ್ತು ಹದಿನೈದು ಅಕ್ಷರ ಮುಂದೆ ಹೋಗಿರುತ್ತಾನೆ, ಎಲ್ಲವೂ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ಸಬೈನ್ ಏನು ಮಾಡಿದ ಗೊತ್ತಾ? ಪಕ್ಕದ ರಂಗಮಂದಿರದ ಸೀಟಿನ ದಿಂಬುಗಳನ್ನು ರಾತ್ರಿ ಹೊತ್ತು ತಂದು ಕೋಣೆಯಲ್ಲಿ ಹರಡಿ, ಒಂದು ಆರ್ಗನ್ ಕೊಳವೆ ಊದಿಸಿ, ಸದ್ದು ಕಿವಿಗೆ ಕೇಳಿಸದಾಗುವವರೆಗೆ ಗಡಿಯಾರ ಹಿಡಿದು ಕೂರುತ್ತಿದ್ದ. ಬೆಳಗಾಗುವ ಮುಂಚೆ ದಿಂಬು ವಾಪಸ್ ಹೊರಬೇಕು. ಕಟ್ಟಡದ ದನಿಯ ಲೆಕ್ಕ ಹುಟ್ಟಿದ್ದು ಹಾಗೆ. ಆ ದಿಂಬುಗಳು ಮಾಡಿದ ಕೆಲಸವನ್ನೇ ಬೆಂಚಿನಲ್ಲಿ ಕೂತ ಜನರ ಮೈ ಮತ್ತು ಬಟ್ಟೆ ಮಾಡುತ್ತವೆ. ನಮ್ಮ ದೇವಾಲಯದಲ್ಲೂ ಶನಿವಾರ ಸಂಜೆ ಖಾಲಿ ಇದ್ದಾಗ ಹೊಂದಿಸಿದ ಸೌಂಡ್ ಭಾನುವಾರ ಜನ ತುಂಬಿದಾಗ ಬೇರೆಯೇ ಆಗಿರುತ್ತದೆ. ಕ್ರಿಸ್‌ಮಸ್ ಚಳಿಗೆ ಎಲ್ಲರೂ ಸ್ವೆಟರ್ ಹಾಕಿ ಬಂದರೆ ಮತ್ತೂ ಬೇರೆ. ಕನ್ನಡಕ್ಕೆ ಇನ್ನೊಂದು ತೊಂದರೆ ಇದೆ, ನಮ್ಮ ಮಾತು ಹೆಚ್ಚಾಗಿ ಸ್ವರದಲ್ಲಿ ಮುಗಿಯುತ್ತದೆ. ಆ ಸ್ವರದ ಬಾಲ ಕಲ್ಲಿನ ಗೋಡೆಗೆ ಬಡಿದು ವಾಪಸ್ ಬರುವ ಹೊತ್ತಿಗೆ ಮುಂದಿನ ಪದದ ಮೊದಲಕ್ಷರ ಅದರೊಳಗೆ ಮುಳುಗಿರುತ್ತದೆ.

ಈ ಕಥೆಯನ್ನು ನಾನು ಎಷ್ಟು ಜನಕ್ಕೆ ಹೇಳಿದ್ದೇನೋ. ಆದರೆ ಅದರಲ್ಲಿ ನನಗೆ ಬೇಕಾದದ್ದನ್ನು ನಾನು ಕೇಳಿಸಿಕೊಂಡಿರಲಿಲ್ಲ. ಸಬೈನ್ ಕೋಣೆಯೊಳಗೆ ಹೋಗಿ ಕೂತ. ನಾನು ಗ್ಯಾಲರಿಯ ಕೆಳಗಿನ ಮೂಲೆಯಲ್ಲಿ, ದಪ್ಪ ಸದ್ದೆಲ್ಲ ಬಂದು ಗುಡ್ಡೆ ಬೀಳುವ ಜಾಗದಲ್ಲಿ, ಕೂತಲ್ಲೇ ಕೂತು ಇಡೀ ದೇವಾಲಯಕ್ಕೆ ಏನು ಕೇಳಿಸುತ್ತಿದೆ ಎಂದು ತೀರ್ಮಾನ ಮಾಡುತ್ತಿದ್ದೆ. ಪ್ರಸಂಗಪೀಠದ ಹತ್ತಿರ ಹೋಗುತ್ತಿದ್ದೆ, ಮೈಕ್ ಇಡಲು. ಬೆಂಚುಗಳ ನಡುವೆ ಒಂದೆರಡು ಸಲ ಓಡಾಡಿದ್ದೂ ಉಂಟು. ಕ್ವಾಯರ್ ನಿಲ್ಲುವ ಜಾಗದಲ್ಲಿ, ಹಾಡು ನಡೆಯುತ್ತಿರುವಾಗ, ಅವರ ಕಿವಿಗೆ ಏನು ಬೀಳುತ್ತಿದೆ ಎಂದು ಒಂದೇ ಒಂದು ದಿನ ಹೋಗಿ ನಿಂತಿರಲಿಲ್ಲ.

ನಾನಿಲ್ಲದ ಭಾನುವಾರ

ಮಗಳಿಗೆ ಮಾತು ಕೊಟ್ಟಾಗಿತ್ತು. ಮರುದಿನ ರಾತ್ರಿ ಮತ್ತೆ ಕೂತೆ. ಆಗ ನೆನಪಾದದ್ದು, ಹಿಂದಿನ ಆಗಸ್ಟ್‌ನಲ್ಲಿ ನಾನು ಜ್ವರ ಬಂದು ಮಲಗಿದ್ದ ಒಂದು ಭಾನುವಾರ. ಅವತ್ತು ಮಿಕ್ಸರ್ ನೋಡಿಕೊಂಡದ್ದು ನನ್ನ ಜೊತೆ ಕಲಿಯುತ್ತಿದ್ದ ಹುಡುಗ, ಆಗ ಫಸ್ಟ್ ಪಿಯುಸಿ. ಪಾಪ, ಹೆದರಿ ಎಲ್ಲ ಫೇಡರನ್ನೂ ಸೊನ್ನೆ ಗೆರೆಗೆ (ದನಿ ಏರಿಸಿಯೂ ಇಲ್ಲ, ಇಳಿಸಿಯೂ ಇಲ್ಲ ಅನ್ನುವ ಗುರುತು) ಒಂದೇ ಸಾಲಿನಲ್ಲಿ ನಿಲ್ಲಿಸಿ ಕೈ ಕಟ್ಟಿಕೊಂಡು ಕೂತಿದ್ದನಂತೆ. ಸೋಮವಾರ ನನಗೆ ಫೋನ್ ಮೇಲೆ ಫೋನ್. ಕೀಬೋರ್ಡ್ ತಲೆನೋವು ಬರಿಸಿತು, ಪ್ರಸಂಗ ಕೇಳಿಸಲಿಲ್ಲ, ಎರಡು ಸಲ ಕೂಗಿತು, "ನೀವಿಲ್ಲದೆ ಆಗಲ್ಲ ಬಿಡಿ" ಅಂತ. ಜ್ವರದಲ್ಲೂ ಖುಷಿಯಾಗಿತ್ತು.

ಆ ವಾರದ ಫೈಲು ತೆಗೆದೆ. ನಿಜ, ಕೀಬೋರ್ಡ್ ತಲೆನೋವೇ. ಆದರೆ ಮೊದಲ ಹಾಡಿನ ಎರಡನೇ ಚರಣದಲ್ಲಿ ಟೀಚರಮ್ಮ ಬಂದರು. ಸ್ಪಷ್ಟವಾಗಿ, ಮೂರನೇ ಕ್ಲಾಸಿನಲ್ಲಿ ಪದ್ಯ ಹೇಳಿಕೊಟ್ಟ ಅದೇ ದನಿ, ವಯಸ್ಸಾಗಿದೆ, ಅಂಚು ಸವೆದಿದೆ. ನಾನು ಕಣ್ಣು ಮುಚ್ಚಿ ಅವರು ಜಾರುವುದಕ್ಕೆ ಕಾದೆ. ಜಾರಲಿಲ್ಲ. ಮೂರನೇ ಚರಣ, ನಾಲ್ಕನೇದು. ಸೊಪ್ರಾನೊದ ಕೆಳಗೆ ಒಂದು ಮೆಟ್ಟಿಲು ಬಿಟ್ಟು ನೆಟ್ಟಗೆ ನಡೆದುಕೊಂಡು ಹೋದರು. ಹಾಡು ಸುಲಭದ್ದಿರಬೇಕು ಎಂದುಕೊಂಡೆ. ಎರಡನೇ ಹಾಡು ಕೇಳಿದೆ, ಅದು ಸುಲಭದ್ದಲ್ಲ, ನಾನೇ ಎಷ್ಟೋ ಸಲ ಅದರಲ್ಲಿ ಅವರನ್ನು ತಳಕ್ಕೆ ಇಳಿಸಿದ್ದೆ. ಅಲ್ಲೂ ಒಂದೇ ಒಂದು ಕಡೆ ಸ್ವಲ್ಪ ತೂರಾಡಿದರು, ತಕ್ಷಣ ಸರಿ ಮಾಡಿಕೊಂಡರು. ಸರಿ ಮಾಡಿಕೊಂಡರು! ಅಂದರೆ ಅವರಿಗೆ ಅವರ ದನಿ ಕೇಳಿಸಿತ್ತು.

ಮರುದಿನ ಅಂಗಡಿ ಬೇಗ ಮುಚ್ಚಿ ದೇವಾಲಯಕ್ಕೆ ಹೋದೆ. ಮೂರನೇ ಮೈಕಿನ ಮುಂದೆ ನನ್ನ ಮೊಬೈಲಿನಲ್ಲಿ ಹಾಡು ಹಾಕಿಟ್ಟು, ಕ್ವಾಯರ್‌ನವರಿಗೆ ತಮ್ಮ ದನಿ ಕೇಳಿಸಲೆಂದು ಅವರ ಕಾಲ ಬಳಿ ಇಟ್ಟಿರುವ ಮಾನಿಟರ್ ಬಾಕ್ಸಿನ (ಸ್ಪೀಕರಿನ) ಮುಂದೆ ಚರ್ಚಿನ ಕೆಲಸದವರನ್ನು ನಿಲ್ಲಿಸಿ, ನಾನು ಹಿಂದೆ ಹೋಗಿ ಫೇಡರ್ ಇಳಿಸಿದೆ. "ನಿಂತೋಯ್ತು ಸಾರ್" ಅಂದರು. ಒಂದನೇ ಮೈಕಿಗೆ ಮೊಬೈಲ್ ಇಟ್ಟು ಅದರ ಫೇಡರ್ ಇಳಿಸಿದೆ. "ಬರ್ತಾನೇ ಇದೆ ಸಾರ್." ಮಿಕ್ಸರ್ ಮೇಲೆ ಬಗ್ಗಿ ಟಾರ್ಚ್ ಬಿಟ್ಟು ನೋಡಿದೆ. ಪ್ರತಿ ಚಾನೆಲ್‌ನಲ್ಲೂ ಮಾನಿಟರ್‌ಗೆ ಹೋಗುವ ಗುಂಡಿಯ ಪಕ್ಕ 'ಪ್ರೀ' ಎಂದು ಬರೆದ ಒಂದು ಪುಟಾಣಿ ಸ್ವಿಚ್ ಇದೆ, ಹೆಸರುಕಾಳಿನಷ್ಟು. ಡೀಲರ್ ಕಡೆಯ ಹುಡುಗ ಒಂದು, ಎರಡು, ನಾಲ್ಕರಲ್ಲಿ ಅದನ್ನು ಒತ್ತಿದ್ದ. ಮೂರರಲ್ಲಿ ಒತ್ತಿರಲಿಲ್ಲ. ಮರೆತಿರಬೇಕು, ಟೀ ಬಂದಿರಬೇಕು.

ನಮ್ಮ ಅಂಗಡಿಯ ಭಾಷೆಯಲ್ಲಿ ಹೇಳುವುದಾದರೆ, ಒತ್ತಿದರೆ ಅದು ಮೇನ್ ಸ್ವಿಚ್‌ಗಿಂತ ಮುಂಚೆ ಎಳೆದ ಲೈನು. ನಾನು ಫೇಡರ್ ಆರಿಸಿದರೂ ಹಾಡುವವರ ಮಾನಿಟರ್‌ಗೆ ದನಿ ಹೋಗುತ್ತಲೇ ಇರುತ್ತದೆ. ಒತ್ತದಿದ್ದರೆ ಮೇನ್ ಆದ ಮೇಲೆ ಎಳೆದ ಲೈನು. ನಾನು ಸಭೆಗೆ ಎಷ್ಟು ಇಳಿಸುತ್ತೇನೋ ಅಷ್ಟೇ ಅವರ ಕಿವಿಗೂ ಇಳಿಯುತ್ತದೆ. ಪಕ್ಕದಲ್ಲಿ ಕೀಬೋರ್ಡ್ ಮೊಳಗುತ್ತಿದೆ, ಸೊಪ್ರಾನೊ ಮೊಳಗುತ್ತಿದೆ, ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದೇ ಸಣ್ಣ ಚೂಪು ಸದ್ದುಗಳನ್ನು. ತನ್ನ ದನಿ ತನಗೆ ಕೇಳಿಸದಿದ್ದರೆ ಮನುಷ್ಯ ತಾನಾಗಿಯೇ ದನಿ ಏರಿಸುತ್ತಾನೆ. ಲೊಂಬಾರ್ ಎಂಬ ಫ್ರೆಂಚ್ ವೈದ್ಯರು 1911ರಲ್ಲಿ ಇದನ್ನು ಬರೆದಿಟ್ಟಿದ್ದಾರೆ, ಅವರ ಹೆಸರಲ್ಲೇ ಕರೆಯುತ್ತಾರೆ. ಬಸ್ಸಿನಲ್ಲಿ ಫೋನ್ ಮಾಡುವವರನ್ನು ನೋಡಿದವರಿಗೆ ವೈದ್ಯರು ಹೇಳಬೇಕಾಗಿಲ್ಲ. ಟೀಚರಮ್ಮ ಕೇಳಿಸದೆ ಏರಿಸಿದರು, ಏರಿಸಿದಾಗ ಸ್ವರ ಜಾರಿತು. ಜಾರಿತು ಎಂದು ನಾನು ಇಳಿಸಿದೆ. ಇಳಿಸಿದ್ದಕ್ಕೆ ಅವರಿಗೆ ಇನ್ನೂ ಕಮ್ಮಿ ಕೇಳಿಸಿತು. ಎರಡು ವರ್ಷ. ನಾನು ಮುಚ್ಚಿಹಾಕುತ್ತಿದ್ದೇನೆ ಎಂದುಕೊಂಡ ತಪ್ಪನ್ನು ನಾನೇ ವಾರ ವಾರ ತಯಾರು ಮಾಡುತ್ತಿದ್ದೆ.

ಸ್ವಿಚ್ ಒತ್ತಿದೆ. ಟಕ್ ಅಂತು. ಚರ್ಚಿನ ಕೆಲಸದವರು "ಈಗ ಬಂತು ಸಾರ್, ಆಯ್ತಾ, ಹೋಗ್ಲಾ?" ಅಂದರು.

ಅವತ್ತೊಂದು ದಿನ

ಕೂಟದಲ್ಲಿ ಎರಡು ನಿಮಿಷದ ತುಣುಕು ಹಾಕಿದೆವು. ಕೀಬೋರ್ಡನ್ನು ಆದಷ್ಟು ತಗ್ಗಿಸಿದ್ದೆ. ಜನ ಸುಮ್ಮನೆ ಕೇಳಿದರು. ಮುಗಿದ ಮೇಲೆ ಕಾಫಿ ಕೊಡುವ ಕಡೆ ಬಿಕಾಂ ಹುಡುಗಿ ನನ್ನ ಹತ್ತಿರ ಬಂದಳು.

"ಅಣ್ಣಾ, ಅದು ನೀವು ಬರದೇ ಇದ್ದ ದಿನದ್ದಲ್ವಾ?"

"ನಿನಗೆ ಹೇಗೆ ಗೊತ್ತು?"

"ಅವತ್ತೊಂದು ದಿನ ನಮ್ಮ ಮೈಕ್ ಆನ್ ಆಗಿತ್ತು."

ಅವಳು ಚುಚ್ಚಲು ಹೇಳಿದ್ದಲ್ಲ, ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಯಾಕೆ ನನಗೆ ಹೇಳಲಿಲ್ಲ ಎಂದು ಕೇಳಿದೆ. ಸ್ವಲ್ಪ ಹೊತ್ತು ಕಾಫಿ ಲೋಟ ತಿರುಗಿಸಿದಳು. "ನಾನು ಹೇಳೋಣ ಅಂದೆ. ಟೀಚರೇ ಬೇಡ ಅಂದ್ರು. ಪಾಪ ಸುಮ್ನೆ ಬಂದು ಮಾಡ್ತಾನೆ, ಅಂಗಡಿ ಬೇರೆ ನೋಡ್ಕೋಬೇಕು, ಬೇಜಾರ್ ಮಾಡ್ಕೊಂಡು ಬಿಟ್ಟುಬಿಡ್ತಾನೆ ಅಂದ್ರು. ಕೇಳಿಸ್ಲಿಲ್ಲ ಅಂದ್ರೆ ನಾವೇ ಜೋರಾಗಿ ಹಾಡಿದ್ರಾಯ್ತು ಅಂದ್ರು."

ಕೊನೇ ಬೆಂಚಿಗೆ ಕೇಳಿಸಬೇಕಲ್ಲ.

ಇದೆಲ್ಲ ಆಗಿ ಎಂಟು ತಿಂಗಳಾಯಿತು. ಈಗಲೂ ಫೇಡರ್ ಇಳಿಸುತ್ತೇನೆ, ಇಳಿಸುವುದಿಲ್ಲ ಎಂದರೆ ನಂಬಬೇಡಿ. ಗುಡುಗುವವರನ್ನು ಇಳಿಸಲೇಬೇಕು. ಆದರೆ ಶನಿವಾರದ ಅಭ್ಯಾಸಕ್ಕೆ ಮಿಕ್ಸರ್ ಹುಡುಗನ ಕೈಗೆ ಕೊಟ್ಟು ನಾನು ಹೋಗಿ ಕ್ವಾಯರ್ ಸಾಲಿನಲ್ಲಿ ನಿಲ್ಲುತ್ತೇನೆ, ಒಂದೊಂದು ಮೈಕಿನ ಹಿಂದೆ ಒಂದೊಂದು ಹಾಡು. ನನಗೆ ಹಾಡಲು ಬರುವುದಿಲ್ಲ, ಅವರು ನಗುತ್ತಾರೆ. ಅಲ್ಲಿ ನಿಂತ ಮೊದಲ ದಿನ ತಿಳಿದದ್ದು, ಗಂಡಸರ ಸಾಲಿಗೆ ಕೀಬೋರ್ಡ್ ಬಿಟ್ಟು ಬೇರೇನೂ ಕೇಳಿಸುವುದಿಲ್ಲ ಅಂತ. ಬೇಕಾದದ್ದು ಒಂದು ಸಣ್ಣ ಬಾಕ್ಸು, ಕಮಿಟಿಯಲ್ಲಿ ಕೇಳಿದ್ದೇನೆ, ನೋಡೋಣ ಅಂದಿದ್ದಾರೆ. ಕ್ವಾಯರ್ ಮಾಸ್ಟರ್‌ಗೂ ಹೇಳಿದ್ದೇನೆ, ಇನ್ನು ಮೇಲೆ ಯಾರನ್ನಾದರೂ "ನೋಡ್ಕೊಳ್ಳಿ" ಅನ್ನುವ ಮುಂಚೆ ಅವರ ಪಕ್ಕ ನಿಂತು ಕೇಳಿ 'ನಿಮಗೆ ನಿಮ್ಮ ದನಿ ಕೇಳಿಸ್ತಿದ್ಯಾ' ಅಂತ. ಅವರು ಸ್ವಲ್ಪ ಮುನಿಸಿಕೊಂಡರು. ಸರಿಹೋಗುತ್ತದೆ.

ಮಗಳಿಗೆ ಮಾತ್ರ ಇದನ್ನು ಹೇಳಿಲ್ಲ. ಕೂಟ ಮುಗಿದ ರಾತ್ರಿ ಅವಳು ಆ ತುಣುಕನ್ನು ವಾಟ್ಸಾಪ್ ಸ್ಟೇಟಸ್‌ಗೆ ಹಾಕಿ, ಕೆಳಗೆ "ಅಮ್ಮನ ದನಿ ಉಳಿಸಿಕೊಟ್ಟ ನಮ್ಮ ಸೌಂಡ್ ಅಣ್ಣನಿಗೆ ವಂದನೆ" ಎಂದು ಬರೆದಿದ್ದಳು. ಎರಡು ಸಲ ಉತ್ತರ ಬರೆದು ಅಳಿಸಿದೆ. ಆಮೇಲೆ ಅದರ ಸ್ಕ್ರೀನ್‌ಶಾಟ್ ತೆಗೆದು ಹುಡುಗನಿಗೆ ಕಳಿಸಿ, "ಇದು ನಿನಗೆ ಸೇರಬೇಕಾದ್ದು ಕಣೋ" ಅಂದೆ. ಅವನು ಓದಿಕೊಳ್ಳುತ್ತಿದ್ದನೋ ಏನೋ, ಹನ್ನೊಂದು ಗಂಟೆಯ ಮೇಲೆ ಉತ್ತರ ಬಂತು. "ಸಾರಿ ಅಣ್ಣ. ಅವತ್ತು ಕೀಬೋರ್ಡ್ ಜಾಸ್ತಿ ಆಗ್ಬಿಟ್ಟಿತ್ತು."